ಯಾವ ಬೆಡಗು, ಯಾವ ಕಟ್ಟೆಮನೆ?

ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಈಗ ಮಕ್ಕಳು ಮುಂದೆ, ನಾನು ಹಿಂದೆ. ಮೂವತ್ತು ವರ್ಷದ ಕೆಳಗೆ ನಾನೇ ಮುಂದೆ ಓಡಿ, ಮೇಲೆ ನಿಂತು ಅವರನ್ನು ಕೂಗುತ್ತಿದ್ದೆ. ಹೋದ ಸಲ ಶಾಲೆಯಿಂದ ಹೋದಾಗ ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಕುಳಿತುಬಿಟ್ಟೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಜೊತೆಗೆ ಕುಳಿತು, ನೀರಿನ ಬಾಟಲಿ ಕೈಗಿತ್ತು ಕೇಳಿದಳು: “ಮಿಸ್, ಜಟಾಯು ರಾವಣನ ಜೊತೆ ಕಾದಾಡಿ ಬಿದ್ದಿದ್ದು ಇಲ್ಲೇ ಅಂತ ಹೇಳಿದ್ರಿ. ನಾವು ಲೇಪಾಕ್ಷಿಗೆ ಹೋದಾಗ ಅಲ್ಲೇ ಬಿದ್ದಿದ್ದು ಅಂದ್ರು. ಯಾವುದು ನಿಜ?”

ಕೇರಳದ ಚಡಯಮಂಗಲದಲ್ಲಿಯೂ ಒಂದು ಜಟಾಯು ಬಂಡೆ ಇದೆಯೆಂದು ಹೇಳಿ ಅವಳನ್ನು ಇನ್ನಷ್ಟು ಗೊಂದಲಕ್ಕೆ ಕೆಡವಲಿಲ್ಲ. “ಹಾಗೆ ಹೇಳುತ್ತಾರೆ ಅಂದೆನಮ್ಮ, ಹಾಗೇ ನಡೆಯಿತು ಅನ್ನಲಿಲ್ಲ” ಎಂದೆ. “ಹೇಳೋರು ಯಾರು ಮಿಸ್?” ಎಂದಳು ಥಟ್ಟನೆ.

ಇತಿಹಾಸದ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಜಟಾಯು ಮೂರು ಕಡೆ ಬಿದ್ದನೆಂದರೂ ಯಾರ ಅನ್ನವೂ ಹೋಗುವುದಿಲ್ಲ. ಮೂರು ಊರಿನಲ್ಲೂ ಜಾತ್ರೆ ನಡೆಯುತ್ತದೆ, ಬಳೆ ಮಂಡಕ್ಕಿ ಮಾರಾಟವಾಗುತ್ತದೆ. ಆದರೆ ಒಬ್ಬ ಮನುಷ್ಯ ಎದ್ದು ನಿಂತು “ನಾನು ಇಂಥ ವಂಶದವನು, ಇಂಥ ಕುಲದವನು, ಆದ್ದರಿಂದ ನಿಮ್ಮ ಮುಂದಾಳು” ಎಂದರೆ? ಆಗ ಯಾರದೋ ಪಾಲು ಯಾರಿಗೋ ಹೋಗುತ್ತದೆ. ಆಗ ಈ ಹುಡುಗಿ ಕೇಳಿದ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ಕೇಳುವುದು ಹೇಗೆ, ಯಾರನ್ನು ಕೇಳಬೇಕು ಎನ್ನುವುದೇ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ವಿಷಯ.

ಬೆಟ್ಟದ ಮೇಲೆ ಒಂದು ಬಂಡೆಯಿದೆ. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರರ ಗುಂಡು ಎಂದು ಹೆಸರು. 1892ರಲ್ಲಿ ಬಿ.ಎಲ್. ರೈಸ್ ಅವರು ಈ ಸುತ್ತಿನಲ್ಲಿ ಅಶೋಕನ ಶಾಸನಗಳನ್ನು ಮೂರು ಕಡೆ ಗುರುತಿಸಿದರು: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಈ ಜಟಿಂಗ ರಾಮೇಶ್ವರ. ಮೂರರಲ್ಲಿ ನಮ್ಮ ಬೆಟ್ಟದ್ದೇ ತೀರ ಸವೆದುಹೋಗಿದೆ. ಎಷ್ಟು ಹೆಣ್ಣುಮಕ್ಕಳು ಅದರ ಮೇಲೆ ಕುಳಿತು ಬಳೆ ಇಡಿಸಿಕೊಂಡರೋ! ಓದಲು ಬರುವುದು ಅಕ್ಕಪಕ್ಕದ ಶಾಸನಗಳ ಆಸರೆಯಿಂದ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ಇದು ಹಿಂದಿನಿಂದ ಬಂದ ನಡವಳಿಕೆ ಎಂಬುದು ಅದರ ಸಾರ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಹುದು ಎಂದೂ ಇದೆ.

ಮಕ್ಕಳಿಗೆ ನಾನು ಎರಡು ಸಂಗತಿ ತಪ್ಪದೆ ಹೇಳುತ್ತೇನೆ. ಇಷ್ಟು ದೊಡ್ಡ ರಾಜ್ಯ ಆಳಿದ ಅರಸ ಈ ಮೂರು ಕಡೆಯೂ ತನ್ನ ಹೆಸರನ್ನಾಗಲಿ ತಾತಮುತ್ತಾತರ ಹೆಸರನ್ನಾಗಲಿ ಹಾಕಿಸಿಲ್ಲ. ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಅಶೋಕ ಎಂಬ ಹೆಸರೇ ಇರುವ ಶಾಸನ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ. ಇನ್ನೊಂದು, ಇವನ್ನು ಬರೆದ ಲಿಪಿಕಾರ ಮಾತ್ರ ಚಪಡನೆಂದು ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರನಿಂದ’ ಎಂಬ ಮಾತನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅವನು ಎಲ್ಲಿಂದ ಬಂದ, ಏನು ಕಲಿತಿದ್ದ ಎನ್ನುವುದಕ್ಕೆ ಅವನ ಕೈಬರಹವೇ ಸಾಕ್ಷಿ. ಒಬ್ಬ ತಾನು ಯಾರೆಂದು ಹೇಳದೆ ದೊಡ್ಡವನಾದ, ಇನ್ನೊಬ್ಬ ತಾನು ಮಾಡಿದ ಕೆಲಸದಿಂದಲೇ ತಾನು ಯಾರೆಂದು ತೋರಿಸಿಕೊಟ್ಟ.

ಇದನ್ನು ಹೇಳಿಕೊಡುವ ನಮ್ಮ ಶಾಲೆಗೇ ಕೆಲವು ವರ್ಷದ ಹಿಂದೆ ಒಂದು ಸಮಾರಂಭಕ್ಕೆ ಅತಿಥಿಯೊಬ್ಬರು ಬಂದರು. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿನ ಕೆಳಗೆ ‘ಚಿತ್ರದುರ್ಗದ ಮದಕರಿ ನಾಯಕರ ನೇರ ವಂಶಸ್ಥರು, ಸಮಾಜದ ಮುಖಂಡರು’ ಎಂದು ಅಚ್ಚಾಗಿತ್ತು. ಜರಿ ಪೇಟ, ಸೊಂಟದಲ್ಲೊಂದು ಕತ್ತಿ. ಭಾಷಣ ಚೆನ್ನಾಗಿಯೇ ಮಾಡಿದರು. ಊಟಕ್ಕೆ ಕುಳಿತಾಗ ನಮ್ಮ ಬಿಸಿಯೂಟದ ಅಜ್ಜಿ ಬಡಿಸುತ್ತಾ ಹತ್ತಿರ ಬಂದಳು. ಮ್ಯಾಸ ನಾಯಕರ ಹೆಂಗಸು, ಅವಳ ಗಂಡ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಸಾರಿನ ಸೌಟು ಹಿಡಿದುಕೊಂಡೇ ಬಹಳ ಮರ್ಯಾದೆಯಿಂದ ಕೇಳಿದಳು: “ನಮ್ಮೋರು ಅಂದ್ರಿ, ಸಂತೋಷ ಸ್ವಾಮಿ. ತಮ್ದು ಯಾವ ಬೆಡಗು? ಯಾವ ಕಟ್ಟೆಮನೆ? ದೇವರೆತ್ತು ಎಲ್ಲವೆ?”

ಅತಿಥಿಗಳು ಮೊದಲು ನಕ್ಕರು. ಆಮೇಲೆ “ನಮ್ಮದು ಅರಮನೆ ಕಡೆ ಅಜ್ಜಿ” ಎಂದರು. “ಅರಮನೆಗೂ ಬೆಡಗು ಇರ್ತೈತಲ್ಲ ಸ್ವಾಮಿ” ಎಂದಳು. ಅವರು ಕೈತೊಳೆಯಲು ಎದ್ದರು. ನಮ್ಮ ಶಿಕ್ಷಕರಲ್ಲಿ ಕೆಲವರು ಅಜ್ಜಿಯನ್ನು ಗದರಿದರು. ನಾನು ಗದರಲಿಲ್ಲ, ಆದರೆ ಅವಳ ಪರವಾಗಿ ಮಾತನ್ನೂ ಆಡಲಿಲ್ಲ. ಪತ್ರಿಕೆಯ ಒಕ್ಕಣೆಯನ್ನು ಅಚ್ಚಿಗೆ ಮೊದಲು ತಿದ್ದಿದವಳು ನಾನೇ. ಕಾಗುಣಿತ ನೋಡಿದ್ದೆ, ‘ನೇರ ವಂಶಸ್ಥರು’ ಎನ್ನುವುದನ್ನು ಹಾಗೆಯೇ ಬಿಟ್ಟಿದ್ದೆ.

ಪೇಟೆಯ ಓದುಗರಿಗೆ ಅಜ್ಜಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮೊಳಕಾಲ್ಮೂರು, ಚಳ್ಳಕೆರೆಯ ಬಯಲಿನಲ್ಲಿ ಮ್ಯಾಸ ನಾಯಕರು ಹಿಂದಿನಿಂದ ದನಗಾಹಿಗಳು. ಹಲವರ ಮನೆಮಾತು ತೆಲುಗು. ಹೆಂಡ ಮುಟ್ಟಬಾರದು, ಕೋಳಿ ತಿನ್ನಬಾರದು ಎಂಬ ಕಟ್ಟು ಅವರದು. ಬೆಡಗು ಎಂದರೆ ಒಂದೇ ಮೂಲದ ಮನೆತನಗಳ ಗುಂಪು. ಒಂದೇ ಬೆಡಗಿನಲ್ಲಿ ಹೆಣ್ಣು ತರುವುದಿಲ್ಲ. ಕಟ್ಟೆಮನೆ ಎಂದರೆ ಹಲವು ಹಟ್ಟಿಗಳನ್ನು ಒಂದು ಮಾಡುವ, ನ್ಯಾಯ ಹೇಳುವ, ದೇವರ ಕಾರ್ಯ ನಡೆಸುವ ವ್ಯವಸ್ಥೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಟ್ಟೆಮನೆಯ ಹೆಸರನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ದೇವರ ಎತ್ತುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಬರಗಾಲದಲ್ಲಿ ತಾವು ಉಪವಾಸವಿದ್ದಾದರೂ ಅವಕ್ಕೆ ಮೇವು ತರುತ್ತಾರೆ. ಅಜ್ಜಿ ಕೇಳಿದ್ದರ ಅರ್ಥ ಇಷ್ಟೇ: ನಮ್ಮವನು ಎಂದೆ, ಸರಿ, ನಿನಗೆ ಯಾರು ಗೊತ್ತು, ಯಾರಿಗೆ ನೀನು ಗೊತ್ತು, ನಮ್ಮ ಯಾವ ಭಾರಕ್ಕೆ ನಿನ್ನ ಹೆಗಲು ಕೊಟ್ಟಿದ್ದೀಯೆ?

ಆ ಅತಿಥಿಗಳ ಮಾತು ಸುಳ್ಳೇ ಎಂದು ನಾನು ಹೇಳಲಾರೆ. 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದಾಗ ಕೊನೆಯ ಮದಕರಿ ನಾಯಕನನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಅಲ್ಲಿನ ದ್ವೀಪದಲ್ಲಿ ನೆಲೆಸಲೆಂದು ಇಪ್ಪತ್ತು ಸಾವಿರ ಬೇಡರನ್ನು ಸಾಗಿಸಿದನೆಂದೂ, ಅವರ ಗಂಡುಮಕ್ಕಳನ್ನು ‘ಚೇಲಾ’ ಪಡೆಗಳಿಗೆ ಸೇರಿಸಿದನೆಂದೂ ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ. ಹೀಗೆ ಬೇರು ಕಿತ್ತ ಜನರ ಮೊಮ್ಮಕ್ಕಳು ಯಾವ ಕಾಗದ ತೋರಿಸಿಯಾರು? ಇದರ ಇನ್ನೊಂದು ಮುಖವೂ ಉಂಟು. ದಾಖಲೆ ಎಲ್ಲಿ ಸುಟ್ಟುಹೋಗಿದೆಯೋ ಅಲ್ಲಿಯೇ ಯಾರು ಬೇಕಾದರೂ ಬಂದು ವಂಶವೃಕ್ಷ ನೆಡಬಹುದು.

ನಮ್ಮ ಚರಿತ್ರೆಯಲ್ಲಿ ಇದು ಹೊಸದಲ್ಲ. 1830ರಲ್ಲಿ ನಗರದ ಸೀಮೆಯ ರೈತರು ಕಂದಾಯದ ಹಿಂಸೆ ತಾಳಲಾರದೆ ದಂಗೆಯೆದ್ದರು. ಆಗ ಬೂದಿ ಬಸಪ್ಪ ಎಂಬವನು ತಾನು ಕೆಳದಿ ಅರಸರ ವಾರಸುದಾರನೆಂದು ಹೇಳಿಕೊಂಡು ಅವರ ಮುಂದೆ ನಿಂತ. ಅವನ ನಿಜವಾದ ಹೆಸರು ಸಾದರ ಮಲ್ಲ. ನಗರದ ಅರಸರ ಮುದ್ರೆಗಳು ಹೇಗೋ ಅವನ ಕೈಗೆ ಸಿಕ್ಕಿದ್ದವಂತೆ. ಜನ ನಂಬಿದರು. ದಂಗೆಯನ್ನು ಹತ್ತಿಕ್ಕಲಾಯಿತು, ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡರು. 1837ರಲ್ಲಿ ಕೊಡಗು ದಕ್ಷಿಣ ಕನ್ನಡದ ಬಂಡಾಯದಲ್ಲಿಯೂ ಪುಟ್ಟಬಸಪ್ಪ ಎಂಬವನು ಕೊಡಗಿನ ರಾಜಮನೆತನದ ಕಲ್ಯಾಣಸ್ವಾಮಿಯೆಂದು ಹೇಳಿಕೊಂಡೇ ಜನರನ್ನು ಸೇರಿಸಿದ. ರೈತರ ನೋವು ನಿಜವಾಗಿತ್ತು, ಅವರ ಕೆಚ್ಚೂ ನಿಜವಾಗಿತ್ತು. ಆದರೆ ನಮ್ಮಂಥ ರೈತನೊಬ್ಬ ಮುಂದೆ ನಿಂತರೆ ಸಾಲದು, ರಾಜರ ರಕ್ತವೇ ಬೇಕು ಎಂಬ ನಂಬಿಕೆ ಅಂಥ ಹೇಳಿಕೆಗಳಿಗೆ ಬಾಗಿಲು ತೆರೆದಿತ್ತು.

ಇಂದು ಕುಲದ ಹೆಸರಿಗೆ ಸಿಂಹಾಸನವಿಲ್ಲ. ಕಾಲೇಜಿನ ಸೀಟು, ನೌಕರಿ, ಚುನಾವಣೆಯ ಟಿಕೆಟ್ ಇವೆ. ಇವು ಸಿಗಬೇಕಾದವರಿಗೆ ಸಿಗಲೆಂದೇ ಸಂವಿಧಾನ ಇಟ್ಟದ್ದು. ನಮ್ಮ ರಾಜ್ಯದ ಲೆಕ್ಕವನ್ನು ನೋಡಿ. 1971ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡದವರು ಸುಮಾರು 2.31 ಲಕ್ಷ, 1981ರಲ್ಲಿ 18.25 ಲಕ್ಷ! ಹತ್ತು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಲಿಲ್ಲ. ಪಟ್ಟಿಯಲ್ಲಿ ‘ನಾಯ್ಕಡ’ ಎಂದಿತ್ತು. ನಾಯಕರು ತಾವೂ ಅವರೇ ಎಂದು ಬರೆಸಿದರು. 1991ರಲ್ಲಿ ಸಂಸತ್ತು ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನು ಅದೇ ಸಾಲಿಗೆ ಸೇರಿಸಿತು. 2020ರಲ್ಲಿ ಪರಿವಾರ, ತಳವಾರ ಎಂಬ ಹೆಸರುಗಳೂ ಸೇರಿದವು. ಹಟ್ಟಿಯಲ್ಲಿ ದನ ಕಾಯುತ್ತಿದ್ದವರ ಮಕ್ಕಳು ಇದರಿಂದ ಡಾಕ್ಟರಾದದ್ದನ್ನು, ತಹಸೀಲ್ದಾರರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ‘ನಾಯಕ’ ಎನ್ನುವುದು ಬರಿಯ ಕುಲದ ಹೆಸರಲ್ಲ, ಪದವಿಯ ಹೆಸರೂ ಹೌದು. ‘ತಳವಾರ’ ಎನ್ನುವುದು ಊರು ಕಾಯುವ ಕೆಲಸದ ಹೆಸರೂ ಹೌದು. ಬೇರೆ ಬೇರೆ ಜಾತಿಯವರಿಗೂ ಆ ಹೆಸರುಗಳಿದ್ದವು. ಸಂದು ಇದ್ದಲ್ಲಿ ಗಾಳಿ ನುಗ್ಗುತ್ತದೆ.

ಸುಳ್ಳು ಜಾತಿ ಪತ್ರಗಳನ್ನು ತಡೆಯಲು ಸುಪ್ರೀಂ ಕೋರ್ಟು 1994ರಲ್ಲಿ ಮಾಧುರಿ ಪಾಟೀಲ್ ಮೊಕದ್ದಮೆಯಲ್ಲಿ ಪರಿಶೀಲನಾ ಸಮಿತಿಗಳ ಕ್ರಮವನ್ನು ಹಾಕಿಕೊಟ್ಟಿತು. ಸುಳ್ಳು ಪತ್ರದಿಂದ ಪಡೆದ ನೌಕರಿ ಉಳಿಯದು ಎಂದು 2017ರಲ್ಲಿ ಇನ್ನೊಮ್ಮೆ ಹೇಳಿತು. ಆದರೂ ತಡ. ಮುಳಬಾಗಿಲು ಮೀಸಲು ಕ್ಷೇತ್ರದಿಂದ 2013ರಲ್ಲಿ ಗೆದ್ದವರೊಬ್ಬರ ಆಯ್ಕೆಯನ್ನು, ಅವರು ಪರಿಶಿಷ್ಟ ಜಾತಿಗೆ ಸೇರಿದವರಲ್ಲವೆಂದು ಹೈಕೋರ್ಟು ರದ್ದು ಮಾಡಿದ್ದು 2018ರಲ್ಲಿ. ಆ ಹೊತ್ತಿಗೆ ಐದು ವರ್ಷದ ಅವಧಿ ಮುಗಿಯುತ್ತ ಬಂದಿತ್ತು. ಮೊಳಕಾಲ್ಮೂರು, ಚಳ್ಳಕೆರೆ ಎರಡೂ 2008ರಿಂದ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ಹಾಗಾಗಿ ‘ನೀವು ಯಾವ ಬೆಡಗು?’ ಎನ್ನುವುದು ನಮ್ಮ ಕಡೆ ಅಜ್ಜಿಯರ ಹರಟೆ ಮಾತ್ರವಲ್ಲ.

ಈ ವ್ಯವಹಾರದಲ್ಲಿ ನನ್ನಂಥ ಶಿಕ್ಷಕಿಯ ಪಾತ್ರ ಏನೆಂದು ನೀವು ಕೇಳಬಹುದು. ಎಲ್ಲವೂ ಶುರುವಾಗುವುದು ಶಾಲೆಯ ದಾಖಲಾತಿ ಪುಸ್ತಕದಿಂದ. ಆರು ವರ್ಷದ ಮಗುವಿನ ಹೆಸರು, ಹುಟ್ಟಿದ ದಿನ, ಜಾತಿ. ಅಪ್ಪ ಹೇಳುತ್ತಾನೆ, ನಾವು ಬರೆಯುತ್ತೇವೆ. ಇಪ್ಪತ್ತು ವರ್ಷವಾದ ಮೇಲೆ ಆ ಸಾಲೇ ಸಾಕ್ಷಿಯಾಗುತ್ತದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅನುಕೂಲಸ್ಥರೊಬ್ಬರು ಮಿಠಾಯಿ ಡಬ್ಬದೊಂದಿಗೆ ಬಂದು, ಮಗನ ಜಾತಿಯ ಕಾಲಂನಲ್ಲಿ ‘ಒಂದು ಸಣ್ಣ ತಿದ್ದುಪಡಿ’ ಮಾಡಿಕೊಡಿ ಎಂದಿದ್ದರು. ಮಾಡಲಿಲ್ಲ. ಅದನ್ನು ಹೆಮ್ಮೆಯಿಂದ ಬಹಳ ದಿನ ಹೇಳಿಕೊಂಡು ತಿರುಗಿದೆ.

ಆ ಹೆಮ್ಮೆ ಇಳಿದದ್ದು ಹೇಗೆಂದು ಹೇಳುತ್ತೇನೆ. ಅದೇ ಪುಸ್ತಕದಲ್ಲಿ ಕಿಲಾರಿಯೊಬ್ಬನ ಮಗಳನ್ನು ಸೇರಿಸಿಕೊಂಡಾಗ, ಚರಿತ್ರೆ ಓದಿದ ಜಂಬದಲ್ಲಿ, ಕರಾರುವಾಕ್ಕಾಗಿರಲಿ ಎಂದು ‘ಮ್ಯಾಸ ನಾಯಕ’ ಎಂದು ಬರೆದಿದ್ದೆ. ಅವಳ ಅಣ್ಣನಿಗೆ ಬೇರೆ ಶಿಕ್ಷಕರು ‘ಬೇಡರು’ ಎಂದು ಬರೆದಿದ್ದರು. ಹುಡುಗಿ ಹಾಸ್ಟೆಲಿನಲ್ಲಿದ್ದು ಓದಿ ಸರ್ಕಾರಿ ನೌಕರಿಗೆ ಆಯ್ಕೆಯಾದಳು. ಸಿಂಧುತ್ವ ಪ್ರಮಾಣ ಪತ್ರಕ್ಕೆ ಹೋದಾಗ ಕಚೇರಿಯಲ್ಲಿ, “ಅಣ್ಣನದೇ ಒಂದು, ತಂಗಿಯದೇ ಒಂದು, ಮ್ಯಾಸ ಎನ್ನುವುದು ಪಟ್ಟಿಯಲ್ಲೇ ಇಲ್ಲ” ಎಂದರಂತೆ. ವಿಚಾರಣೆಯಲ್ಲಿ ಅವಳನ್ನೂ ಕೇಳಿದರು, ನಿಮ್ಮ ಬೆಡಗು ಯಾವುದು ಎಂದು. ಏಳನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಗಾಬರಿಯಲ್ಲಿ ನಾಲಿಗೆ ಹೊರಳಲಿಲ್ಲ. ಎಂಟು ತಿಂಗಳು ಓಡಾಡಿದರು. ಅಪ್ಪ ಕುರಿ ಮಾರಿದ. ಕೊನೆಗೆ ಪತ್ರ ಬಂತು, ನೌಕರಿಯೂ ಸಿಕ್ಕಿತು. ಅಷ್ಟರಲ್ಲಿ ಅವಳಿಗಿಂತ ಕೆಳಗಿದ್ದವರು ಕೆಲಸಕ್ಕೆ ಸೇರಿ ಮುಂದೆ ಹೋಗಿದ್ದರು.

ಶಾಲೆಗೆ ನಕಲು ಕೇಳಲು ಬಂದಾಗ ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. “ನೀವು ನಿಜವನ್ನೇ ಬರೆದಿದ್ರಿ ಮಿಸ್, ಅದಕ್ಕೇ ತೊಂದರೆ ಆಯ್ತು” ಎಂದು ನಕ್ಕಳು. ಆ ನಗು ನನಗೆ ಚುಚ್ಚಿದಷ್ಟು ಬೈಗುಳ ಚುಚ್ಚುತ್ತಿರಲಿಲ್ಲ. ಜರಿ ಪೇಟದವರನ್ನು ಕೇಳಿದ ಪ್ರಶ್ನೆಯನ್ನೇ ಅವಳನ್ನೂ ಕೇಳಿದರು. ಅವರು ಕೈತೊಳೆದು ಎದ್ದು ಹೋದರು. ಇವಳಿಗೆ ಏಳುವ ಹಾಗಿರಲಿಲ್ಲ.

ಕುಲಾಚಾರ ಗೊತ್ತಿದೆಯೇ ಎಂಬ ಪರೀಕ್ಷೆಯೊಂದರಿಂದಲೇ ಎಲ್ಲವನ್ನೂ ತೀರ್ಮಾನಿಸಲಾಗದು ಎಂದು ಸುಪ್ರೀಂ ಕೋರ್ಟು 2023ರಲ್ಲಿ, ಮಹಾರಾಷ್ಟ್ರದ ಠಾಕೂರ್ ಬುಡಕಟ್ಟಿನವರ ಮೊಕದ್ದಮೆಯಲ್ಲಿ ಹೇಳಿದೆ. ಓದು, ವಲಸೆ, ಪೇಟೆಯ ಬದುಕು ಇವುಗಳಿಂದ ಹಳೆಯ ಪದ್ಧತಿ ಮರೆತರೆ ಹುಟ್ಟು ಅಳಿಸಿಹೋಗುವುದಿಲ್ಲವಲ್ಲ. ಇನ್ನೊಂದು ಮಾತು: ಕುಲಾಚಾರವನ್ನು ಪುಸ್ತಕ ಓದಿ ಬಾಯಿಪಾಠ ಮಾಡಬಹುದು. ಈ ಪರೀಕ್ಷೆಯಲ್ಲಿ ಮೋಸಗಾರ ಪಾಸಾಗಿ, ಹಾಸ್ಟೆಲಿನ ಹುಡುಗಿ ನಪಾಸಾಗಬಹುದು.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಚೆರೋಕಿ ಎಂಬ ಮೂಲನಿವಾಸಿ ಜನರಿದ್ದಾರೆ. 1838–39ರಲ್ಲಿ ಸರ್ಕಾರ ಅವರನ್ನು ಊರುಬಿಡಿಸಿ, ಸಾವಿರಾರು ಜನ ದಾರಿಯಲ್ಲೇ ಸಾಯುವಂತೆ, ಪಶ್ಚಿಮಕ್ಕೆ ಅಟ್ಟಿತು. ಇಂದು ಅಲ್ಲಿ ‘ನಮ್ಮ ಮುತ್ತಜ್ಜಿ ಚೆರೋಕಿ ರಾಜಕುಮಾರಿ’ ಎನ್ನುವವರು ಊರೂರಿಗೆ ಸಿಗುತ್ತಾರಂತೆ. ಚೆರೋಕಿಗಳಲ್ಲಿ ರಾಜಕುಮಾರಿ ಎಂಬ ಪದವಿಯೇ ಇರಲಿಲ್ಲ! 2010ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಂದಿ ಚೆರೋಕಿ ಮೂಲ ಹೇಳಿಕೊಂಡರು. ಸರ್ಕಾರ ಮಾನ್ಯ ಮಾಡಿದ ಮೂರು ಚೆರೋಕಿ ಪಂಗಡಗಳಲ್ಲಿ ಹೆಸರಿದ್ದವರು ಅದರ ಅರ್ಧಕ್ಕೂ ಕಡಿಮೆ. ಕೆಲವರು ತಾವೇ ಒಂದು ಸಂಘ ಕಟ್ಟಿ, ತಲೆಗೆ ಗರಿ ಸಿಕ್ಕಿಸಿ, ‘ಮುಖ್ಯಸ್ಥ’ರಾಗುತ್ತಾರೆ. ಚೆರೋಕಿಗಳು ಕೇಳುವುದೂ ಅಜ್ಜಿಯ ಪ್ರಶ್ನೆಯನ್ನೇ: ನಿಮ್ಮ ಹಿರಿಯರು ನಮ್ಮ ಯಾವ ಪಟ್ಟಿಯಲ್ಲಿದ್ದಾರೆ? ನಮ್ಮಲ್ಲಿ ಯಾರಿಗೆ ನೀವು ಗೊತ್ತು? ಅಲ್ಲಿಯೂ ಹಳೆಯ ಪಟ್ಟಿಯಿಂದ ಬಿಟ್ಟುಹೋದ ನಿಜವಾದ ಸಂತಾನದವರು ಇದ್ದಾರೆ, ಅವರ ಸಂಕಟವೂ ಇದೆ.

ಇಷ್ಟೆಲ್ಲ ಬರೆಯುವ ನಾನು ನನ್ನ ಮನೆಯ ಕಥೆಯನ್ನೂ ಹೇಳಬೇಕು. ನಮ್ಮದು ಮಗ್ಗದ ಮನೆ. ‘ನಮ್ಮ ಮುತ್ತಾತ ಮೈಸೂರು ಅರಮನೆಗೆ ಸೀರೆ ನೇಯ್ದವರು’ ಎಂದು ನಮ್ಮಲ್ಲಿ ಮದುವೆ ಮಾತುಕತೆಗೆ ಕುಳಿತಾಗಲೆಲ್ಲ ಹೇಳುತ್ತಿದ್ದರು. ನನ್ನ ಮದುವೆಯಲ್ಲಿಯೂ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಹಳೆಯ ಟ್ರಂಕಿನಲ್ಲಿ ಮುತ್ತಾತನ ಲೆಕ್ಕದ ಪುಸ್ತಕ ಸಿಕ್ಕಿತು. ಸಾಲುಸಾಲಾಗಿ ಬಳ್ಳಾರಿಯ ಸಾಹುಕಾರರ ಬಾಬ್ತು: ರೇಷ್ಮೆ ನೂಲಿಗೆ ಇಷ್ಟು ಸಾಲ, ಸೀರೆಯಲ್ಲಿ ಇಷ್ಟು ಜಮೆ. ಅರಮನೆಯ ಹೆಸರು ಎಲ್ಲಿಯೂ ಇಲ್ಲ. ಒಂದು ದಿನ ಮನಸ್ಸು ಮಂಕಾಗಿತ್ತು. ಆಮೇಲೆ ಆ ಪುಸ್ತಕವನ್ನು ಎರಡನೇ ಸಲ ಓದಿದೆ. ಮುತ್ತಜ್ಜಿ ಬಾಣಂತನ ಮುಗಿಸಿ ಇಪ್ಪತ್ತನೇ ದಿನಕ್ಕೆ ಮಗ್ಗದ ಕೆಲಸಕ್ಕೆ ಬಂದದ್ದು ಅದರಲ್ಲಿತ್ತು. ಅರಮನೆಯ ಮಾತಿನಲ್ಲಿ ಆಕೆಗೆ ಜಾಗವೇ ಇರಲಿಲ್ಲ. ಈಗ ನಮ್ಮ ಮನೆಯ ಮದುವೆ ಮಾತುಕತೆಯಲ್ಲಿ ಯಾರಾದರೂ ಅರಮನೆ ಎಂದರೆ ನಾನು ಒಳಗೆ ಹೋಗಿ ಪುಸ್ತಕ ತರುತ್ತೇನೆ. ಅಕ್ಕನಿಗೆ ನನ್ನ ಮೇಲೆ ಸ್ವಲ್ಪ ಕೋಪ.

ಮೊದಲು ನಮ್ಮ ಮನೆಯ ಟ್ರಂಕು ತೆಗೆದು ನೋಡಿದವರಿಗೆ ಇನ್ನೊಬ್ಬರನ್ನು ಕೇಳುವಾಗ ದನಿ ತಾನಾಗಿ ತಗ್ಗುತ್ತದೆ. ಆದರೆ ಕೇಳುವುದನ್ನು ಬಿಡಬಾರದು. ಯಾರು ಹೆಚ್ಚು ಬೇಡುತ್ತಾರೋ ಅವರನ್ನು ಹೆಚ್ಚು ಕೇಳಬೇಕು. ನಮ್ಮ ಮುಂದಾಳು ಎಂದು ವೇದಿಕೆ ಹತ್ತಿದವರನ್ನು ಬೆಡಗೂ ಕೇಳಬೇಕು, ಕಾಗದವೂ ಕೇಳಬೇಕು, ಬರಗಾಲದಲ್ಲಿ ಎಲ್ಲಿದ್ದಿರಿ ಎಂದೂ ಕೇಳಬೇಕು. ತನಗೆ ಬಂದ ಒಂದು ನೌಕರಿಯ ಮುಂದೆ ನಡುಗುತ್ತ ನಿಂತ ಹುಡುಗಿಯ ವಿಷಯದಲ್ಲಿ ಕಚೇರಿಯವರೇ ಎದ್ದು ಅವಳ ಹಟ್ಟಿಗೆ ಹೋಗಿ ವಿಚಾರಿಸಬೇಕು. ನಮ್ಮ ಕಡೆ ನಡೆಯುತ್ತಿರುವುದು ಇದರ ತಿರುಗುಮುರುಗು.

ಅಂದು ಬೆಟ್ಟದ ದಾರಿಯಲ್ಲಿ “ಹೇಳೋರು ಯಾರು ಮಿಸ್?” ಎಂದ ಹುಡುಗಿಗೆ ಮೇಲೆ ಹತ್ತಿದ ಮೇಲೆ ಉತ್ತರ ಕೊಟ್ಟೆ. ಲೇಪಾಕ್ಷಿಯವರು ಹೇಳುತ್ತಾರೆ, ನಮ್ಮೂರಿನವರೂ ಹೇಳುತ್ತಾರೆ, ಎರಡನ್ನೂ ಬರೆದುಕೋ, ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆದುಕೋ ಎಂದೆ. ಮರುದಿನ ಊಟದ ಹೊತ್ತಿಗೆ ನೋಡಿದರೆ ಅವಳು ನೋಟ್‌ಬುಕ್ ಹಿಡಿದು ಬಿಸಿಯೂಟದ ಅಜ್ಜಿಯ ಪಕ್ಕ ಕುಳಿತಿದ್ದಳು. ಅಜ್ಜಿ ಸೊಪ್ಪು ಸೋಸುತ್ತ ಒಂದೊಂದೇ ಬೆಡಗಿನ ಹೆಸರು ಹೇಳುತ್ತಿದ್ದಳು. ಸುತ್ತ ಇನ್ನೂ ನಾಲ್ಕು ಹುಡುಗಿಯರು, ಎಲ್ಲರೂ ಹಾಸ್ಟೆಲಿನವರು. “ನಿಧಾನ ಅಜ್ಜಿ, ಇನ್ನೊಂದ್ಸಲ ಹೇಳು” ಎನ್ನುತ್ತ ಬರೆದುಕೊಳ್ಳುತ್ತಿದ್ದರು. ಗಂಟೆ ಹೊಡೆಯುವ ಹೊತ್ತಾಗಿತ್ತು. ಐದು ನಿಮಿಷ ತಡವಾಗಿ ಹೊಡೆಯಲು ಹೇಳಿದೆ.